ಗಾಲ್ಫ್‌ಗೆ ಹೊಸಬರು ಬೇಕು, ನೂರೈವತ್ತು ಎಕರೆ ಬೇಡ

ಗರಿಕೆ ಕಾಣದ ಅಂಗಳ ಮಲೆನಾಡಿನಲ್ಲಿಲ್ಲ. ಚೌತಿಗೆ ಗಣಪತಿಯ ತಲೆಗೇರುವ ಆ ಹುಲ್ಲಿಗೆ ಸಸ್ಯಶಾಸ್ತ್ರದಲ್ಲಿ ಸೈನೋಡಾನ್ ಡ್ಯಾಕ್ಟಿಲಾನ್ ಎಂದು ಹೆಸರು. ಗಾಲ್ಫ್ ಮೈದಾನದವರು ಅದನ್ನೇ ಬರ್ಮುಡಾ ಎನ್ನುತ್ತಾರೆ. ನಮ್ಮ ದೇಶದ ಎಷ್ಟೋ ಕೋರ್ಸ್‌ಗಳ ಹಾಸು ಅದರ ತಳಿಗಳದ್ದೇ. ಹುಲ್ಲು ಮನೆಯಂಗಳದ್ದಾದರೂ ಆಟ ಮಾತ್ರ ಪರಸ್ಥಳದ್ದಾಗಿಯೇ ಉಳಿಯಿತು. ತೀರ್ಥಹಳ್ಳಿಯ ಹುಡುಗಿಗಾಗಲಿ ಶಿಕಾರಿಪುರದ ಹುಡುಗನಿಗಾಗಲಿ ಗಾಲ್ಫ್ ಎಂದರೆ ಟಿ.ವಿ.ಯಲ್ಲಿ ಚಾನೆಲ್ ಬದಲಿಸುವಾಗ ಅರೆಕ್ಷಣ ಕಂಡು ಮಾಯವಾಗುವ ಹಸಿರು, ಅಷ್ಟೇ.

ಅವರನ್ನು ಈ ಆಟಕ್ಕೆ ಕರೆಯಬೇಕೆ? ಕರೆಯುವುದಾದರೆ ಹೇಗೆ? 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಶಿವಮೊಗ್ಗಕ್ಕೆ ಇದು ತೀರಾ ಹಗಲುಗನಸಿನ ಪ್ರಶ್ನೆಯಲ್ಲ. ವಿಮಾನ ಬಂದರೆ ರೆಸಾರ್ಟ್, ರೆಸಾರ್ಟ್ ಬಂದರೆ ಗಾಲ್ಫ್ ಎಂದು ಪ್ರವಾಸೋದ್ಯಮದ ಲೆಕ್ಕಾಚಾರ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಆ ದಾರಿಯಲ್ಲಿ ಕೋರ್ಸ್ ಬರಬಹುದು, ಆಡುವ ಮಕ್ಕಳು ಬರುವುದಿಲ್ಲ. ಹೊಸಬರು ಬರಬೇಕಿದ್ದರೆ ಹದಿನೈದು ಎಕರೆಯೊಳಗಿನ, ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವ, ಐವತ್ತು-ನೂರು ರೂಪಾಯಿ ಕೊಟ್ಟು ಒಳಗೆ ಹೋಗಬಹುದಾದ ಜಾಗ ಬೇಕು.

ಕಣ್ಣಿಗೆ ಬೀಳಬೇಕು ಎನ್ನುವುದು ಸುಮ್ಮನೆ ಆಡಿದ ಮಾತಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವರಾದ ಬೆಂಗಳೂರಿನ ಅದಿತಿ ಅಶೋಕ್ ಅವರ ಮನೆಯಲ್ಲಿ ಮೊದಲು ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಡ್ರೈವಿಂಗ್ ರೇಂಜ್ (ಹೊಡೆತ ಅಭ್ಯಾಸ ಮಾಡುವ ಬಯಲು) ಕಾಣುವ ಹೋಟೆಲಿಗೆ ಮನೆಯವರು ತಿಂಡಿಗೆ ಹೋಗುತ್ತಿದ್ದರು. ಅಲ್ಲಿಂದ ಕಂಡ ಆಟ ಐದು ವರ್ಷದ ಮಗುವಿನ ಕುತೂಹಲ ಕೆರಳಿಸಿತು, ಶುರುವಾದದ್ದು ಪಟಿಂಗ್ ಗ್ರೀನ್‌ನಲ್ಲಿ, ಅಂದರೆ ಬಾಲನ್ನು ಗುಳಿಗೆ ಉರುಳಿಸಿ ಕಲಿಯುವ ನುಣುಪು ಹುಲ್ಲಿನ ಜಾಗದಲ್ಲಿ. ಬಿಡದಿಯ ಈಗಲ್ಟನ್ ಕೋರ್ಸ್ ಹತ್ತಿರದ ಹಳ್ಳಿಯ ಬಡ ಮನೆಯಿಂದ ಬಂದ ಎಸ್. ಚಿಕ್ಕರಂಗಪ್ಪ ಅಲ್ಲೇ ಆಟ ಕಲಿತು ವೃತ್ತಿಪರರಾದರು. ಒಬ್ಬರದು ಅನುಕೂಲಸ್ಥ ಮನೆ, ಇನ್ನೊಬ್ಬರದು ಅಲ್ಲ. ಇಬ್ಬರಿಗೂ ಮೈದಾನ ಹತ್ತಿರವಿತ್ತು, ಒಳಗೆ ಬಿಟ್ಟುಕೊಳ್ಳುವವರಿದ್ದರು.

ನಮ್ಮ ಕಡೆ ಆಟ ಬಂದ ದಾರಿಯೇ ಬೇರೆ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ, ಬ್ರಿಟಿಷರ ದಂಡಿನೊಂದಿಗೆ. ಕೋಲಾರದ ಚಿನ್ನದ ಗಣಿಗೆ ಅದನ್ನು ತಂದವರು ಗಣಿಯ ಅಧಿಕಾರಿಗಳು, ಕೊಡಗಿಗೆ ತಂದವರು ಕಾಫಿ ಪ್ಲಾಂಟರುಗಳು. ಹಾಗಾಗಿ ಆಟದ ಜೊತೆಗೇ ಸದಸ್ಯತ್ವ, ಕಾಲರ್ ಅಂಗಿ, ಶಿಫಾರಸು ಪತ್ರಗಳೂ ಬಂದವು. ‘ಇದು ದುಡ್ಡಿದ್ದವರ ಆಟ’ ಎಂಬ ಮಾತು ಹುಟ್ಟಿದ್ದು ಆಟದ ಗುಣದಿಂದಲ್ಲ, ಈ ಗೇಟಿನಿಂದ.

ಆಟದ ಗುಣ ನೋಡಿದರೆ ಕರೆಯಲು ಒಳ್ಳೆಯ ಕಾರಣಗಳಿವೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ ಹೆಂಗಸು-ಗಂಡಸೆನ್ನದೆ ಯಾರಿಗಾದರೂ 54ರವರೆಗೆ ಹ್ಯಾಂಡಿಕ್ಯಾಪ್, ಅಂದರೆ ಕಡಿಮೆ ಹೊಡೆತದವರು ಗೆಲ್ಲುವ ಈ ಆಟದಲ್ಲಿ ಒಟ್ಟು ಲೆಕ್ಕದಿಂದ ಕಳೆಯುವ ಹೊಡೆತಗಳು, ಸಿಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ತೀರಾ ಹೊಸಬರಿಗೆ ಗುಳಿಗೆ ಮೂರರಂತೆ ಹೆಚ್ಚು ಹೊಡೆತದ ರಿಯಾಯಿತಿ. ಅರವತ್ತೈದರ ಅಜ್ಜಿ ಹನ್ನೆರಡರ ಮೊಮ್ಮಗನ ಎದುರು ಲೆಕ್ಕ ಸರಿಹೊಂದಿಸಿಕೊಂಡು ನಿಜವಾಗಿ ಗೆಲ್ಲಬಹುದು. ಕಬಡ್ಡಿಯಲ್ಲೋ ವಾಲಿಬಾಲ್‌ನಲ್ಲೋ ಇದು ಆಗದ ಮಾತು. ‘ಈಗಿರುವ ಕೋರ್ಸ್‌ಗಳಲ್ಲೇ ಜಾಗವಿಲ್ಲ, ಇನ್ನಷ್ಟು ಜನ ಯಾಕೆ?’ ಎಂದು ದೊಡ್ಡ ಊರಿನ ಸದಸ್ಯರು ಕೇಳುತ್ತಾರೆ. ಅದು 18 ಗುಳಿಯ ಕೋರ್ಸ್ ಒಂದನ್ನೇ ಗಾಲ್ಫ್ ಎಂದುಕೊಂಡವರ ಪ್ರಶ್ನೆ.

ನೆಲ, ನೀರು, ಹೊತ್ತು

18 ಗುಳಿಯ ಪೂರ್ಣ ಕೋರ್ಸ್‌ಗೆ 120ರಿಂದ 180 ಎಕರೆ ಬೇಕು. ಮಲೆನಾಡಿನಲ್ಲಿ ಅಷ್ಟು ದೊಡ್ಡ, ತಕರಾರಿಲ್ಲದ, ಒಂದೇ ಹಿಡಿಯ ನೆಲ ಎಲ್ಲಿದೆ? ಕಾನು ಮುಟ್ಟುವಂತಿಲ್ಲ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎದುರಿಗಿದೆ. ಸೊಪ್ಪಿನಬೆಟ್ಟ ತೋಟದವರ ಗೊಬ್ಬರದ ಮೂಲ, ಬ್ಯಾಣ ದನ ಮೇಯುವ ಜಾಗ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿನ್ನೀರಿಗೆ ಊರು ಕಳೆದುಕೊಂಡವರ ಮನೆಗಳಲ್ಲಿ ಹಕ್ಕುಪತ್ರದ ಮಾತು ಇನ್ನೂ ಮುಗಿದಿಲ್ಲ. ಇಂಥ ಜಿಲ್ಲೆಯಲ್ಲಿ ಆಟಕ್ಕೆಂದು ನೂರೈವತ್ತು ಎಕರೆ ಕೇಳುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಕೇಳಿದ ದಿನವೇ ಆಟ ಊರಿನ ಶತ್ರುವಾಗುತ್ತದೆ.

ನೀರಿನದೂ ಅದೇ ಕಥೆ. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕು ಎಂದಿಟ್ಟುಕೊಳ್ಳಿ. ಒಂದು ಎಕರೆಗೆ ಅದು 20,000 ಲೀಟರ್ ಆಗುತ್ತದೆ. ಎಂಬತ್ತು ಎಕರೆ ಹಾಸಿಗೆ ನೀರುಣಿಸಿದರೆ ದಿನಕ್ಕೆ 16 ಲಕ್ಷ ಲೀಟರ್. ಈಗ ಇನ್ನೊಂದು ಬದಿ ನೋಡಿ: 50ರಿಂದ 120 ಮೀಟರ್ ಉದ್ದದ ಒಂಬತ್ತು ಪಾರ್-3 (ಮೂರು ಹೊಡೆತಕ್ಕೆ ಮುಗಿಯಬೇಕಾದ) ಗುಳಿಗಳು, ತಲಾ 250 ಚದರ ಮೀಟರ್ ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು), 60 ಚದರ ಮೀಟರ್ ಟೀ (ಮೊದಲ ಹೊಡೆತದ ಜಾಗ), ಜೊತೆಗೆ 300 ಚದರ ಮೀಟರಿನ ಒಂದು ಪಟಿಂಗ್ ಗ್ರೀನ್. ನೀರು ಬೇಕಾದ ಒಟ್ಟು ನೆಲ ಸುಮಾರು 3,100 ಚದರ ಮೀಟರ್, ದಿನಕ್ಕೆ 15,500 ಲೀಟರ್. ಎಕರೆಗೆ 550 ಮರ, ಮರಕ್ಕೆ ಹನಿ ನೀರಾವರಿಯಲ್ಲಿ 18 ಲೀಟರ್ ಎಂದು ಹಿಡಿದರೆ ಇದು ಒಂದೂವರೆ ಎಕರೆ ಅಡಿಕೆ ತೋಟದ ನೀರು. ಉಳಿದ ನೆಲ ಬೇಸಿಗೆಯಲ್ಲಿ ಒಣಗಿ ಕಂದಾದರೆ ಆಗಲಿ, ಗರಿಕೆ ಮೊದಲ ಮಳೆಗೇ ಚಿಗುರುತ್ತದೆ. ನಗರದ ಸಂಸ್ಕರಿಸಿದ ಕೊಳಚೆ ನೀರು ಸಿಗುವ ಜಾಗವಾದರೆ ಅಷ್ಟಕ್ಕೂ ಬೋರ್‌ವೆಲ್ ಮುಟ್ಟಬೇಕಿಲ್ಲ.

ಇಂಥ ಒಂಬತ್ತು ಗುಳಿಗೆ 12ರಿಂದ 15 ಎಕರೆ ಸಾಕು. ಬರೀ ಐರನ್ ಕ್ಲಬ್‌ಗಳ, ಅಂದರೆ ಕಡಿಮೆ ದೂರಕ್ಕೆ ಹೊಡೆಯುವ ಕೋಲುಗಳ ಅಭ್ಯಾಸಕ್ಕೆ, ದೂರ ಹಾರದ ಬಾಲ್ ಬಳಸುವುದಾದರೆ, 120 ಮೀಟರ್ ಉದ್ದ 60 ಮೀಟರ್ ಅಗಲದ ಮೈದಾನ ಸಾಲುತ್ತದೆ, ಎರಡು ಎಕರೆಗೂ ಕಡಿಮೆ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಬೀಸಬೇಕು ಎಂದರೆ ಉದ್ದ 250 ಮೀಟರಿಗೆ ಏರುತ್ತದೆ, ಪಕ್ಕಕ್ಕೆ ಎತ್ತರದ ಬಲೆಯೂ ಬೇಕು. ಹೊಸಬರಿಗೆ ಡ್ರೈವರ್ ಬೇಕಿಲ್ಲ. ಹಟ ಮಾಡುವವರು ಬಹುಮಟ್ಟಿಗೆ ಮಕ್ಕಳ ಅಪ್ಪಂದಿರು.

ಹೊತ್ತಿನ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ, ಹೊಸಬರು ಓಡಿಹೋಗುವುದು ಅಲ್ಲೇ. ಪಾರ್ 72ರ ಕೋರ್ಸ್‌ನಲ್ಲಿ 54 ಹ್ಯಾಂಡಿಕ್ಯಾಪ್‌ನವರು 126 ಹೊಡೆತ ಹೊಡೆಯುತ್ತಾರೆ. ಅಂಥ ನಾಲ್ವರು ಸೇರಿದರೆ 504. ಹೊಡೆತಕ್ಕೆ 30 ಸೆಕೆಂಡ್ ಅಂದರೂ ನಾಲ್ಕು ಗಂಟೆ ಮೀರಿತು. ಆರೇಳು ಕಿಲೋಮೀಟರ್ ನಡಿಗೆ, ಕಳೆದ ಬಾಲ್ ಹುಡುಕಾಟ ಬೇರೆ. ಹಿಂದಿನ ಗುಂಪಿನವರು ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಾರೆ. ಇದೇ ನಾಲ್ವರು ಒಂಬತ್ತು ಪಾರ್-3 ಗುಳಿಗಳನ್ನು ಗುಳಿಗೆ ಐದರಂತೆ ಆಡಿದರೆ 180 ಹೊಡೆತ, ಒಂದೂವರೆ ಗಂಟೆ. ಶಾಲೆ ಬಿಟ್ಟ ಮೇಲೆ ಕತ್ತಲಾಗುವುದರೊಳಗೆ ಮುಗಿಯುವ ಆಟ.

2019ರಲ್ಲಿ ಪರಿಷ್ಕರಿಸಿದ ನಿಯಮಗಳು ಇದಕ್ಕೆ ಅನುಕೂಲವಾಗಿಯೇ ಇವೆ. ಬಾಲ್ ಹುಡುಕುವ ಅವಧಿ ಐದರಿಂದ ಮೂರು ನಿಮಿಷಕ್ಕೆ ಇಳಿಯಿತು, ಬಾವುಟದ ಕೋಲನ್ನು ಗುಳಿಯಲ್ಲೇ ಬಿಟ್ಟು ಪಟ್ ಮಾಡಬಹುದು, ಗುಳಿಗೆ ಗರಿಷ್ಠ ಅಂಕ ನಿಗದಿ ಮಾಡಿ ಅಲ್ಲಿಗೆ ಬಾಲ್ ಎತ್ತಿಕೊಳ್ಳುವ ಪದ್ಧತಿಯೂ ಅಧಿಕೃತ. ಪಾರ್-3ರಲ್ಲಿ ಆರಕ್ಕೆ ನಿಲ್ಲಿಸಿ ಮುಂದೆ ಹೋಗಿ ಎಂದರೆ ಯಾರೂ ಅವಮಾನದಿಂದ ಒದ್ದಾಡಬೇಕಿಲ್ಲ. 2011ರಲ್ಲಿ ಅಮೆರಿಕದಲ್ಲಿ ಶುರುವಾದ ‘ಟೀ ಇಟ್ ಫಾರ್ವರ್ಡ್’ ಎಂಬ ಕ್ರಮವೂ ಒಳ್ಳೆಯದೇ: ನಿಮ್ಮ ಹೊಡೆತ ಎಷ್ಟು ದೂರ ಹೋಗುತ್ತದೋ ಅದಕ್ಕೆ ತಕ್ಕ ಟೀಯಿಂದ ಆಡಿ. 2014ರಲ್ಲಿ ಅಲ್ಲೇ ಗುಳಿಯನ್ನು ನಾಲ್ಕೂಕಾಲು ಅಂಗುಲದಿಂದ ಹದಿನೈದು ಅಂಗುಲಕ್ಕೆ ಹಿಗ್ಗಿಸಿ ನೋಡಿದರು, ಗದ್ದಲವೆದ್ದು ತಣ್ಣಗಾಯಿತು. ಹೊಸಬರ ಕಷ್ಟ ಕೊನೆಯ ಮೀಟರಿನಲ್ಲಿ ಮಾತ್ರ ಇರುವುದಿಲ್ಲವಲ್ಲ.

ಗುಳಿಯಿಂದ ಹಿಂದಕ್ಕೆ

ಬಹುತೇಕ ಶಿಬಿರಗಳು ಮೊದಲ ದಿನವೇ ಉದ್ದನೆಯ ಕ್ಲಬ್ ಕೈಗಿಟ್ಟು ‘ಹೊಡಿ’ ಎನ್ನುತ್ತವೆ. ಇಪ್ಪತ್ತರಲ್ಲಿ ಹದಿನೈದು ಹೊಡೆತ ನೆಲಕ್ಕೋ ಗಾಳಿಗೋ ಬೀಳುತ್ತವೆ, ಹುಡುಗ ಎರಡನೇ ವಾರ ಬರುವುದಿಲ್ಲ. ಪಾರ್‌ನ ಲೆಕ್ಕದಲ್ಲೇ ಗುಳಿಗೆ ಎರಡು ಪಟ್, 72ರಲ್ಲಿ 36. ಆಟದ ಅರ್ಧ ಹುಲ್ಲಿನ ಮೇಲೆ ಉರುಳಿಸುವುದೇ ಆಗಿದೆ. ಅಲ್ಲಿಂದಲೇ ಶುರುಮಾಡಿ ಹಿಂದಕ್ಕೆ ಸರಿಯುತ್ತ ಹೋಗಬೇಕು. ಗೋಲಿಯನ್ನು ಗುಳಿಗೆ ಇಳಿಸಿ ಬೆಳೆದ ಮಕ್ಕಳಿಗೆ ಇದರಲ್ಲಿ ಹೊಸತೇನೂ ಇಲ್ಲ.

ವಾರಕ್ಕೆ ಎರಡು ದಿನ, ಎಂಟು ವಾರದ ಕ್ರಮ ಹೀಗಿರಬಹುದು. ಮೊದಲ ಎರಡು ವಾರ ಪಟರ್ (ಬಾಲ್ ಉರುಳಿಸುವ ಕ್ಲಬ್) ಮಾತ್ರ. ಗುಳಿಯಿಂದ ಒಂದು ಮೀಟರ್ ದೂರ, ನಡುವೆ ಎರಡು ಟೀ (ಬಾಲ್ ಇಡುವ ಮೊಳೆಯಂಥ ಕಡ್ಡಿ) ಚುಚ್ಚಿ ಬಾಲ್ ದಾಟುವಷ್ಟೇ ಕಿಂಡಿ. ಹತ್ತರಲ್ಲಿ ಏಳು ಬಿದ್ದರೆ ಒಂದೂವರೆ ಮೀಟರಿಗೆ ಹಿಂದೆ ಸರಿ. ಇಲ್ಲಿ ಕೆಡುವುದು ಎರಡೇ: ಮಣಿಕಟ್ಟು ಮುರಿದು ತಳ್ಳುವುದು, ಬಾಲ್ ಹೊರಡುವ ಮೊದಲೇ ತಲೆಯೆತ್ತಿ ನೋಡುವುದು. ಮೂರು-ನಾಲ್ಕನೇ ವಾರ ಗ್ರೀನ್‌ನ ಅಂಚಿನಿಂದ ಐದಾರು ಮೀಟರ್ ಆಚೆ ನಿಂತು ಚಿಪ್, ಅಂದರೆ ತುಸು ಹಾರಿ ಉರುಳುವ ಸಣ್ಣ ಹೊಡೆತ. ಮೈಭಾರ ಮುಂದಿನ ಕಾಲಿನ ಮೇಲೆ ತುಸು ಹೆಚ್ಚು, ಬಾಲ್ ತುಸು ಹಿಂದೆ, ಬೀಸು ಮೊಣಕಾಲ ಎತ್ತರಕ್ಕೆ ಮೀರದಂತೆ. ಬಾಲನ್ನು ‘ಎತ್ತಲು’ ಹೋಗುವುದು ಇಲ್ಲಿನ ದೊಡ್ಡ ರೋಗ. ಕ್ಲಬ್ಬಿನ ಮುಖವೇ ಓರೆಯಾಗಿದೆ, ಸೆವೆನ್ ಐರನ್‌ಗೆ 30ರಿಂದ 34 ಡಿಗ್ರಿ, ಪಿಚಿಂಗ್ ವೆಡ್ಜ್‌ಗೆ 44ರಿಂದ 48. ಏರಿಸುವ ಕೆಲಸ ಅದರದು, ಕೈಯದಲ್ಲ. ಚಮಚದಲ್ಲಿ ಬಡಿಸುವಂತೆ ಕೆಳಗಿಂದ ಎತ್ತಿದರೆ ಅಂಚು ಬಾಲಿನ ನಡುವಿಗೆ ಬಡಿದು ಅದು ಗ್ರೀನ್ ದಾಟಿ ಓಡುತ್ತದೆ. ಐದು-ಆರನೇ ವಾರ ಸೆವೆನ್ ಐರನ್, ಅರ್ಧ ಬೀಸು, 40 ಮೀಟರಿನ ಗುರಿ. ಕೊನೆಯ ಎರಡು ವಾರ ನಿಜವಾದ ಆಟ, ಅಂಕ ಬರೆದುಕೊಂಡು.

ಕ್ರಿಕೆಟ್ ಆಡಿದ ಕೈಗಳ ಬಗ್ಗೆ ಒಂದು ಮಾತು ಬೇಕೇ ಬೇಕು, ನಮ್ಮಲ್ಲಿ ಬರುವ ಹುಡುಗರೆಲ್ಲ ಅವರೇ. ಕಣ್ಣು-ಕೈ ಹೊಂದಾಣಿಕೆ ಅವರಿಗೆ ಬಂದೇ ಇರುತ್ತದೆ, ಅದು ಲಾಭ. ನಷ್ಟ ಕೆಳಗಿನ ಕೈಯಲ್ಲಿದೆ. ಮಿಡ್‌ವಿಕೆಟ್ ಕಡೆ ಎಳೆದು ಹೊಡೆದು ರೂಢಿಯಾದವರು ಗಾಲ್ಫ್‌ನಲ್ಲೂ ಹೊರಗಿನಿಂದ ಒಳಕ್ಕೆ ಅಡ್ಡ ಎಳೆಯುತ್ತಾರೆ. ಕ್ಲಬ್ಬಿನ ಮುಖ ಆ ದಾರಿಗೆ ಬಲಕ್ಕೆ ತೆರೆದುಕೊಂಡಿದ್ದರೆ ಬಾಲಿಗೆ ಪಕ್ಕದ ತಿರುಗು ಹತ್ತಿ ಬಲಕ್ಕೆ ಬಾಗಿ ತೋಟಕ್ಕೆ ಬೀಳುತ್ತದೆ. ಸ್ಲೈಸ್ ಎನ್ನುವುದು ಇದನ್ನೇ. ಮದ್ದು ಸರಳ: ಬರೀ ಮುಂದಿನ ಕೈಯಲ್ಲಿ, ಅಂದರೆ ಬಲಗೈ ಆಟಗಾರನಿಗೆ ಎಡಗೈಯಲ್ಲಿ, ದಿನಕ್ಕೆ ಇಪ್ಪತ್ತು ಸಣ್ಣ ಬೀಸು. ಇನ್ನೊಂದು ತೊಡಕು, ಬರೆಯುವುದು ಬಲಗೈಯಲ್ಲಾದರೂ ಎಡಗೈ ಬ್ಯಾಟಿಂಗ್ ಮಾಡುವವರು ನಮ್ಮಲ್ಲಿ ಬಹಳ. ಅವರಿಗೆ ಎಡಗೈ ಕ್ಲಬ್ ಬೇಕು, ಕೇಂದ್ರದ ಚೀಲದಲ್ಲಿ ಅದಿರುವುದಿಲ್ಲ. ಇರುವ ಬಲಗೈ ಕ್ಲಬ್ಬನ್ನೇ ಹಿಡಿಸಿದರೆ ಒಳ್ಳೆಯ ಬ್ಯಾಟುಗಾರ ಒಂದು ಗಂಟೆಯಲ್ಲಿ ಬೇಸತ್ತು ಮನೆಗೆ ಹೋಗುತ್ತಾನೆ.

ಸಾಮಾನು ಬಹಳ ಬೇಡ. ನಿಯಮ 14 ಕ್ಲಬ್ಬಿಗೆ ಅವಕಾಶ ಕೊಡುತ್ತದೆ ಎಂದು 14 ಕೊಳ್ಳಬೇಕಿಲ್ಲ. ಹೊಸಬರಿಗೆ ಪಟರ್, ಪಿಚಿಂಗ್ ವೆಡ್ಜ್, ಸೆವೆನ್ ಐರನ್, ದೂರದ ಹೊಡೆತಕ್ಕೆ ಒಂದು ಹೈಬ್ರಿಡ್ ವರ್ಷಕ್ಕೆ ಸಾಕು. 24 ಮಕ್ಕಳ ಗುಂಪಿಗೆ ಎಂಟು ಪಟರ್, ಎಂಟು ಸೆವೆನ್ ಐರನ್, ಆರು ವೆಡ್ಜ್, ಇವುಗಳಲ್ಲಿ ತಲಾ ಎರಡು ಎಡಗೈಯವು, ನೂರೈವತ್ತು ಹಳೆಯ ಬಾಲ್, ನೂರು ತೂತಿನ ಪ್ಲಾಸ್ಟಿಕ್ ಬಾಲ್. ದೊಡ್ಡವರ ಉಕ್ಕಿನ ಕ್ಲಬ್ಬನ್ನು ಕತ್ತರಿಸಿ ಮಕ್ಕಳಿಗೆ ಕೊಡುವ ರೂಢಿ ಎಲ್ಲೆಡೆ ಇದೆ, ಅದು ತಪ್ಪು. ಉದ್ದ ಕಡಿಮೆಯಾದರೂ ತಲೆಯ ಭಾರ ಹಾಗೇ ಉಳಿಯುತ್ತದೆ, ಕೋಲು ಮೊದಲಿಗಿಂತ ಬಿರುಸಾಗುತ್ತದೆ. ಅಡಿಕೆ ಕೊನೆ ಕೊಯ್ಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಹಳೆಯ ಭಾರದ ದೋಟಿ ಯಾರೂ ಮುಟ್ಟುತ್ತಿಲ್ಲ. ಗಾಲ್ಫ್‌ನವರು ಗ್ರಾಫೈಟ್ ಶಾಫ್ಟ್ ಎನ್ನುವುದೂ ಅದೇ ವಸ್ತು. ಮಕ್ಕಳಿಗೂ ವಯಸ್ಸಾದವರಿಗೂ ಅದೇ ಸರಿ.

ಶಾಲೆಯ ಮೈದಾನದಲ್ಲಾದರೆ ಎಲ್ಲರೂ ಒಂದೇ ಸಾಲಿನಲ್ಲಿ, ನಡುವೆ ನಾಲ್ಕು ಮೀಟರ್ ಬಿಟ್ಟು, ಒಂದೇ ದಿಕ್ಕಿಗೆ ಹೊಡೆಯಬೇಕು. ಬಾಲ್ ಹೆಕ್ಕಲು ಹೋಗುವುದು ಸೀಟಿ ಊದಿದ ಮೇಲೆ, ಎಲ್ಲರೂ ಒಟ್ಟಿಗೆ. 46 ಗ್ರಾಂ ತೂಕದ ಗಟ್ಟಿ ಬಾಲಿಗಿಂತ ಹಿಂದೆ ನಿಂತವನ ಹಲ್ಲಿಗೆ ತಗಲುವ ಕ್ಲಬ್ಬೇ ಹೆಚ್ಚು ಅಪಾಯ. ಹೊಡೆಯಲು ಹುಲ್ಲಿನ ಬದಲು ನಾರಿನ ಚಾಪೆ ಹಾಸಿದರೆ ಮೈದಾನ ಉಳಿಯುತ್ತದೆ.

ಮಳೆ, ಪಾಚಿ, ಉಣುಗು

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ. ಪೂರ್ವಕ್ಕೆ ಬರುತ್ತ ಬರುತ್ತ ಅದು ತೀವ್ರವಾಗಿ ಇಳಿದು, ಶಿವಮೊಗ್ಗ ನಗರದ ಹೊತ್ತಿಗೆ ಸಾವಿರದ ಆಸುಪಾಸಿಗೆ ನಿಲ್ಲುತ್ತದೆ. ಆದ್ದರಿಂದ ಜಾಗದ ಆಯ್ಕೆ ಅರ್ಧ ಗೆಲುವು. ಹೊಸನಗರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್ ಆಟ ಮರೆಯುವುದೇ ಲೇಸು. ಶಿವಮೊಗ್ಗ, ಭದ್ರಾವತಿ ಬಯಲಲ್ಲಿ ಮಳೆ ಬಿಟ್ಟ ಸಂಜೆಗಳಲ್ಲಿ ಆಡಬಹುದು.

ಹುಲ್ಲಿಗೆ ಮಳೆಗಿಂತ ಮೋಡದ್ದೇ ಕಾಟ. ಬರ್ಮುಡಾಗೆ ದಿನಕ್ಕೆ ಆರೆಂಟು ಗಂಟೆ ಬಿಸಿಲು ಬೇಕು. ಆಷಾಢದ ಕವಿದ ಬೆಳಕಿನಲ್ಲಿ ಅದು ತೆಳುವಾಗುತ್ತದೆ, ತೆಳುವಾದ ಕಡೆ ಪಾಚಿ ಕೂರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆದು ಅಭ್ಯಾಸವಾದ ಊರಿನಲ್ಲಿ ಇದಕ್ಕೂ ಔಷಧಿ ಹೊಡೆಯುವ ಮನಸ್ಸು ಬರುವುದು ಸಹಜ. ಮೊದಲು ಮಾಡಬೇಕಾದ್ದು ಬೇರೆ. ಮೇ ಕೊನೆಗೇ ಕತ್ತರಿಸುವ ಎತ್ತರ ಏರಿಸಬೇಕು. ದೊಡ್ಡ ಕೋರ್ಸ್‌ಗಳ ಗ್ರೀನ್ 3-4 ಮಿ.ಮೀ.ಗೆ ಬೋಳಿಸಿರುತ್ತದೆ, ಕಲಿಕೆಯ ಗ್ರೀನ್‌ಗೆ ಮಳೆಗಾಲದಲ್ಲಿ 8 ಮಿ.ಮೀ. ಇದ್ದರೂ ಬಾಲ್ ಉರುಳುತ್ತದೆ. ಸುತ್ತಲಿನ ಮರಗಳ ನೆರಳು ಬೆಳಗಿನ ಹೊತ್ತು ಬೀಳದಂತೆ ಗ್ರೀನ್‌ನ ಜಾಗ ಆರಿಸಬೇಕು. ನೀರು ನಿಲ್ಲದಂತೆ ನೂರಕ್ಕೆ ಎರಡರಷ್ಟು ಇಳಿಜಾರು ಕೊಟ್ಟು, ಮೇಲಿನ ಬದಿಯಲ್ಲಿ ತೋಟದಲ್ಲಿ ತೆಗೆಯುವಂತೆಯೇ ಕಾಲುವೆ ತೆಗೆಯಬೇಕು.

ಪುಸ್ತಕದ ಪ್ರಕಾರ ಗ್ರೀನ್‌ನ ಅಡಿಗೆ 10 ಸೆಂ.ಮೀ. ಜಲ್ಲಿ, ಮೇಲೆ 30 ಸೆಂ.ಮೀ. ಮರಳಿನ ಹಾಸು ಬೇಕು. 300 ಚದರ ಮೀಟರಿಗೆ 90 ಘನ ಮೀಟರ್ ಮರಳು, ಹತ್ತು ಹನ್ನೊಂದು ಟಿಪ್ಪರ್ ಲೋಡ್. ತುಂಗೆಯ ಮರಳಿನ ಸುತ್ತ ಇರುವ ತಕರಾರು ಗೊತ್ತಿದ್ದವರು ಒಂಬತ್ತು ಗ್ರೀನ್‌ಗೆ ಅಷ್ಟು ತರುವ ಯೋಚನೆ ಮಾಡುವುದಿಲ್ಲ. ಮುಖ್ಯ ಪಟಿಂಗ್ ಗ್ರೀನ್ ಒಂದಕ್ಕೆ ಮರಳು ಹಾಕಿ, ಉಳಿದವನ್ನು ಇದ್ದ ಮಣ್ಣನ್ನೇ ದಿಬ್ಬ ಮಾಡಿ ಕಟ್ಟಿದರೆ ಖರ್ಚು ಎಷ್ಟೋ ಇಳಿಯುತ್ತದೆ. ಮಳೆಯಲ್ಲಿ ಅವು ಮೆತ್ತಗಾಗುತ್ತವೆ, ಎರಡು ಮೂರು ವಾರ ಮುಚ್ಚಬೇಕಾಗಬಹುದು. ಆಗಲಿ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಸಣ್ಣ ಪುಡಿ ತೆಗೆದದ್ದೇ ಬೇಕು, ಇಲ್ಲದಿದ್ದರೆ ವರ್ಷದೊಳಗೆ ಸಿಮೆಂಟಿನಂತೆ ಬಿಗಿದು ನೀರು ಮೇಲೇ ನಿಲ್ಲುತ್ತದೆ.

ಕತ್ತರಿಸಲು ಉರುಳೆಯಂತೆ ತಿರುಗುವ ಅಲಗಿನ ರೀಲ್ ಮೋವರ್ ಬೇಕು. ಮಾಮೂಲು ರೋಟರಿ ಯಂತ್ರ ಇಷ್ಟು ಕೆಳಗೆ ಹೋದರೆ ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ, ದಿಬ್ಬವಿದ್ದಲ್ಲಿ ಬುಡ ಸಮೇತ ಬೋಳಿಸುತ್ತದೆ. ರೀಲ್ ಸರಿ ಕೂತಿದೆಯೇ ಎಂದು ತಿಳಿಯಲು ಅಲಗಿಗೂ ಕೆಳಗಿನ ಪಟ್ಟಿಗೂ ನಡುವೆ ಕಾಗದದ ಚೂರು ಹಿಡಿದು, ಎಂಜಿನ್ ಆಫ್ ಮಾಡಿ, ಉರುಳೆಯನ್ನು ಕೈಯಿಂದ ಜಾಗ್ರತೆಯಾಗಿ ತಿರುಗಿಸಿ ನೋಡಬೇಕು. ಉದ್ದಕ್ಕೂ ಚೊಕ್ಕವಾಗಿ ಕತ್ತರಿಸಿದರೆ ಸರಿ, ಮಡಚಿಕೊಂಡರೆ ಬಿಗಿ ಮಾಡಬೇಕು. ಇರುವಕ್ಕಿಯಲ್ಲಿ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯವೇ ಇರುವ ಜಿಲ್ಲೆಯಲ್ಲಿ ಹುಲ್ಲಿನ ಪರಿಣತರನ್ನು ಬೆಳೆಸುವುದು ಕಷ್ಟವಾಗಬಾರದು.

ಇನ್ನು ಉಣುಗು, ಅಂದರೆ ಮಂಗನ ಕಾಯಿಲೆ ಹರಡುವ ಉಣ್ಣೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ, ಗಾಲ್ಫ್‌ಗೆ ಹೇಳಿ ಮಾಡಿಸಿದ ಒಣ ತಿಂಗಳುಗಳಲ್ಲಿ. ಬಾಲ್ ಹುಡುಕಲು ಕಾಡಿನಂಚಿನ ಒಣ ಎಲೆಯ ದರಗಿಗೆ ಇಳಿಯುವ ಹುಡುಗನಿಗೆ ಉಣುಗು ಹತ್ತಲು ಒಂದು ನಿಮಿಷ ಸಾಕು. ಹಾಗಾಗಿ ಕೋರ್ಸ್ ಕಾಡಿಗೆ ತಾಗಿರಲೇಬಾರದು. ತೋಟ-ಪೊದೆಗಳ ಕಡೆಯ ಅಂಚನ್ನು ಗಡಿಯಾಚೆ ಎಂದು ಗುರುತು ಹಾಕಿ, ಅಲ್ಲಿಗೆ ಹೋದ ಬಾಲ್ ಹೋಯಿತು ಎಂಬ ಸ್ಥಳೀಯ ಕಟ್ಟಳೆ ಮಾಡಬೇಕು. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಚೀಲದಲ್ಲಿರಲಿ. ಹಾವಿನ ವಿಷಯಕ್ಕೆ ಆಟವೇ ಉತ್ತರ ಕೊಟ್ಟಿದೆ: ನಿಯಮ 16.2ರ ಪ್ರಕಾರ ವಿಷದ ಹಾವಿನಂಥ ಅಪಾಯಕಾರಿ ಪ್ರಾಣಿಯ ಬಳಿ ಬಾಲ್ ಬಿದ್ದರೆ ದಂಡವಿಲ್ಲದೆ ದೂರ ಸರಿದು ಆಡಬಹುದು. ಕಾಳಿಂಗದ ಸೀಮೆಯಲ್ಲಿ ಮಕ್ಕಳಿಗೆ ಕಲಿಸಬೇಕಾದ ಮೊದಲ ನಿಯಮ ಇದೇ.

ಗೇಟು

ಸದಸ್ಯತ್ವವಿಲ್ಲದೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಪದ್ಧತಿಯೇ ಇರಬೇಕು. ಕಾಲರ್ ಅಂಗಿಯ ನಿಯಮ ಬೇಡ, ರಬ್ಬರ್ ಅಟ್ಟೆಯ ಶೂ ಇದ್ದರೆ ಸಾಕು. ಹತ್ತು ನಿಮಿಷಕ್ಕೊಂದು ಗುಂಪು ಬಿಟ್ಟರೆ ಗಂಟೆಗೆ 24 ಜನ ಆಡುತ್ತಾರೆ. ಹೆಣ್ಣುಮಕ್ಕಳು ಬರಬೇಕು ಎನ್ನುವವರು ಮೊದಲು ಶೌಚಾಲಯ, ದೀಪ ಮತ್ತು ಬಸ್ ನಿಲ್ದಾಣದಿಂದ ನಡೆಯುವಷ್ಟು ದೂರ, ಇವನ್ನು ನೋಡಲಿ, ಪೋಸ್ಟರ್ ಆಮೇಲೆ.

ಶಿಬಿರಗಳು ಸೋಲುವುದು ಶಿಬಿರ ಮುಗಿದ ಮಾರನೆಯ ದಿನ. ಪ್ರಮಾಣಪತ್ರ ಹಂಚಿ ಫೋಟೊ ತೆಗೆದ ಮೇಲೆ ಹುಡುಗಿ ಎಲ್ಲಿ ಆಡಬೇಕು, ಯಾವ ಕ್ಲಬ್ ಹಿಡಿದು? ಆದ್ದರಿಂದ ಎಷ್ಟು ಮಕ್ಕಳು ಸೇರಿದರು ಎಂಬ ಲೆಕ್ಕ ಯಾವ ಕೆಲಸಕ್ಕೂ ಬಾರದು. ಎಂಟು ವಾರ ಮುಗಿದ ಮೇಲೆ ಕ್ಲಬ್‌ಗಳನ್ನು ಗ್ರಂಥಾಲಯದ ಪುಸ್ತಕದಂತೆ ಹೆಸರು ಬರೆಸಿಕೊಂಡು ಮನೆಗೆ ಕೊಡಬೇಕು, ಪಟಿಂಗ್ ಗ್ರೀನ್ ಸಂಜೆ ನಾಲ್ಕರಿಂದ ಆರೂವರೆಯವರೆಗೆ ಪುಕ್ಕಟೆ ತೆರೆದಿರಬೇಕು, ಒಂಬತ್ತನೇ ವಾರ ಯಾರೂ ಕರೆಯದೆ ತಾವಾಗಿ ಬಂದವರ ಹೆಸರನ್ನು ಗೇಟಿನವನು ಬರೆದಿಡಬೇಕು. ಇಪ್ಪತ್ನಾಲ್ಕರಲ್ಲಿ ಆರು ಹೆಸರಿದ್ದರೆ ಎರಡನೇ ಗ್ರೀನ್‌ಗೆ ಮಣ್ಣು ಹೊಡೆಸಬಹುದು.